ಪುಣ್ಯಭೂಮಿಯ ವಾಸ ಕಟ್ಟಳೆಯೇ? ಗೋಧಿಯ ದರ, ವಿಚ್ಛೇದನದ ಹಣ, ಪಾಳುಬಿದ್ದ ಹೊಲಗಳ ನಡುವೆ ಬೆಳೆದ ಯಹೂದಿ ವಾದ

ಗಂಡ ‘ಎರೆತ್ಸ್ ಇಸ್ರಾಯೇಲ್‌ಗೆ (ಇಸ್ರೇಲ್ ನೆಲಕ್ಕೆ) ಹೋಗಿ ನೆಲಸೋಣ’ ಎನ್ನುತ್ತಾನೆ. ಹೆಂಡತಿ ಒಲ್ಲೆ ಎನ್ನುತ್ತಾಳೆ. ಯಾರ ಮಾತು ನಡೆಯಬೇಕು? ರಬ್ಬಿಗಳ, ಅಂದರೆ ಯಹೂದಿ ಧರ್ಮಗುರುಗಳ, ಚರ್ಚೆಗಳ ಸಂಗ್ರಹವಾದ ತಾಲ್ಮುದ್ ಪ್ರಕಾರ ಹೊರಡುವಂತೆ ಅವಳನ್ನು ಒತ್ತಾಯಿಸಬಹುದು. ಆಗಲೂ ಒಪ್ಪದಿದ್ದರೆ ಕೆತುಬಾ, ಅಂದರೆ ಮದುವೆಯ ಕರಾರಿನಲ್ಲಿ ಅವಳ ಹೆಸರಿಗೆ ಬರೆದ ಹಣ, ಸಿಗದೆಯೇ ಬಿಡುಗಡೆ. ಹೋಗಬೇಕೆಂದು ಹಟ ಹಿಡಿದವಳು ಹೆಂಡತಿಯಾಗಿ, ಒಲ್ಲೆ ಎಂದವನು ಗಂಡನಾದರೆ ವಿಚ್ಛೇದನ ಕೊಟ್ಟು ಆ ಹಣವನ್ನೂ ಅವನೇ ತೆರಬೇಕು. ಗಂಡಿಗೊಂದು ಹೆಣ್ಣಿಗೊಂದು ಎಂಬ ಭೇದ ಇಲ್ಲಿಲ್ಲ. ಆ ಕಾಲದ ಕಾನೂನಿನಲ್ಲಿ ಇದು ಅಪರೂಪವೇ.

ಕ್ರಿ.ಶ. 200ರ ಸುಮಾರಿಗೆ ರೂಪುಗೊಂಡ, ತಾಲ್ಮುದಿನ ಮೂಲ ಪಠ್ಯವಾದ ಮಿಶ್ನಾ ಇದೇ ಜಾಗದಲ್ಲಿ ನಾಣ್ಯದ ಲೆಕ್ಕವನ್ನೂ ಹಾಕುತ್ತದೆ. ಕಪ್ಪದೋಕ್ಯದಲ್ಲಿ (ಇಂದಿನ ಟರ್ಕಿಯ ಒಂದು ಪ್ರದೇಶ) ಮದುವೆಯಾಗಿ ಇಸ್ರೇಲ್ ನೆಲದಲ್ಲಿ ಬೇರೆಯಾದವರಿಗೆ ಯಾವ ನಾಣ್ಯದಲ್ಲಿ ಹಣ ಕೊಡಬೇಕು? ಕಪ್ಪದೋಕ್ಯದ ನಾಣ್ಯ ಹೆಚ್ಚು ತೂಕದ್ದು, ಇಸ್ರೇಲ್‌ನದು ಹಗುರ. ಮದುವೆ ನಡೆದ ಊರಿನ ನಾಣ್ಯವೇ, ಬೇರೆಯಾದ ಊರಿನದೇ ಎಂದು ರಬ್ಬಿಗಳು ಜಗಳವಾಡುತ್ತಾರೆ. ಪುಣ್ಯಭೂಮಿಯ ವಾಸದ ಬಗ್ಗೆ ಯಹೂದಿ ಧರ್ಮ ಏನು ಹೇಳುತ್ತದೆ ಎಂದು ಕೇಳುವವರು ಸಾಮಾನ್ಯವಾಗಿ ಅಬ್ರಹಾಮನಿಗೆ ದೇವರು ಕೊಟ್ಟ ಮಾತಿನಿಂದ ಶುರು ಮಾಡುತ್ತಾರೆ. ಆ ನೆಲ ಪವಿತ್ರ ಎಂಬುದರಲ್ಲಿ ರಬ್ಬಿಗಳಿಗೆ ಭಿನ್ನಾಭಿಪ್ರಾಯವೇ ಇರಲಿಲ್ಲ. ಆ ಪಾವಿತ್ರ್ಯ ಇವತ್ತು, ಈ ಮನುಷ್ಯನ ಮೇಲೆ ಯಾವ ಹೊಣೆ ಹೊರಿಸುತ್ತದೆ ಎಂಬುದರಲ್ಲಿ ಎಲ್ಲ ತಕರಾರೂ ಇದ್ದದ್ದು. ಅದು ಕಾಣುವುದು ಇಂಥ ಲೆಕ್ಕಪತ್ರಗಳಲ್ಲಿ.

ಅದೇ ಪುಟದಲ್ಲಿ ತಾಲ್ಮುದ್ ಒಂದು ದೊಡ್ಡ ಮಾತು ಹೇಳುತ್ತದೆ: ಹೊರನಾಡಿನಲ್ಲಿ ಯಹೂದಿಗಳೇ ಹೆಚ್ಚಿರುವ ಊರಿಗಿಂತ, ಇಸ್ರೇಲ್ ನೆಲದಲ್ಲಿ ಮೂರ್ತಿಪೂಜಕರೇ ಹೆಚ್ಚಿರುವ ಊರಿನ ವಾಸ ಮೇಲು. ಇದಾದ ಕೂಡಲೇ ಎದುರುವಾದ. ಬಾಬಿಲೋನಿನ ರಾವ್ ಯೆಹೂದಾ ಎಂಬ ಗುರುವಿನ ಪ್ರಕಾರ, ಬಾಬಿಲೋನ್ ಬಿಟ್ಟು ಅಲ್ಲಿಗೆ ಹೋಗುವುದೇ ತಪ್ಪು. ‘ಅವರು ಬಾಬಿಲೋನಿಗೆ ಒಯ್ಯಲ್ಪಡುವರು, ನಾನು ನೆನೆಯುವ ದಿನದ ತನಕ ಅಲ್ಲೇ ಇರುವರು’ ಎಂಬ ಯೆರೆಮೀಯನ ವಚನ ಅವನ ಆಧಾರ. ಅವನ ಶಿಷ್ಯ ಝೇರಾ ಗುರುವಿನ ಕಣ್ಣು ತಪ್ಪಿಸಿ ಓಡಾಡುತ್ತಿದ್ದ. ಅವನ ವಾದದಲ್ಲಿ ಆ ವಚನ ದೇವಾಲಯದ ಪಾತ್ರೆಗಳ ಮಾತು, ಜನರದ್ದಲ್ಲ. ಗುರು ಪರಮಗೀತದ ‘ಆಣೆಯಿಡುತ್ತೇನೆ’ ಎಂಬ ವಚನ ತೆಗೆದ. ಶಿಷ್ಯ ಅದಕ್ಕೂ ಜವಾಬಿತ್ತ: ಆ ಆಣೆ ‘ಗೋಡೆಯಂತೆ’ ಒಟ್ಟಾಗಿ ಏರಿ ಹೋಗುವುದರ ವಿರುದ್ಧ, ಒಬ್ಬೊಬ್ಬನೇ ಹೋಗುವುದಕ್ಕಲ್ಲ.

ಇಲ್ಲಿಂದ ಬಂದದ್ದೇ ‘ಮೂರು ಆಣೆಗಳು’: ಯಹೂದಿಗಳು ಗೋಡೆಯಂತೆ ಏರಿ ಹೋಗಬಾರದು, ರಾಷ್ಟ್ರಗಳ ವಿರುದ್ಧ ದಂಗೆ ಏಳಬಾರದು, ರಾಷ್ಟ್ರಗಳು ಯಹೂದಿಗಳನ್ನು ಅತಿಯಾಗಿ ಹಿಂಸಿಸಬಾರದು. ನಾಲ್ಕಾರು ಸಾಲಿನ ಈ ಟಿಪ್ಪಣಿ 20ನೇ ಶತಮಾನದಲ್ಲಿ ಎಷ್ಟು ಜಗಳಕ್ಕೆ ಸೌದೆಯಾಯಿತೆಂಬುದು ಮುಂದೆ ಬರುತ್ತದೆ. ಝೇರಾ ಕೊನೆಗೂ ಹೊರಟ. ಹೊಳೆ ದಾಟಲು ದೋಣಿ ಸಿಗಲಿಲ್ಲ, ಕಟ್ಟಿದ್ದ ಹಗ್ಗ ಹಿಡಿದೇ ದಾಟಿದ. ಇಷ್ಟೇಕೆ ಅವಸರ ಎಂದು ಹಂಗಿಸಿದವನಿಗೆ, ಮೋಶೆ ಆರೋನರಿಗೇ ದಕ್ಕದ ನೆಲ ನನಗೆ ದಕ್ಕೀತೆಂದು ಯಾವ ಭರವಸೆ ಎಂದು ಕೇಳಿದನಂತೆ.

ನೆಲಸಿದವರ ನಡವಳಿಕೆಯನ್ನೂ ತಾಲ್ಮುದ್ ಬರೆದಿಟ್ಟಿದೆ. ಒಬ್ಬ ರಬ್ಬಿ ಅಕ್ಕೋ ಊರಿನ ಬಂಡೆಗಳಿಗೆ ಮುತ್ತಿಡುತ್ತಿದ್ದ. ಇನ್ನೊಬ್ಬ ದಾರಿಯ ಗುಂಡಿ ಮುಚ್ಚುತ್ತಿದ್ದ. ಮತ್ತಿಬ್ಬರು ಪಾಠದ ನಡುವೆ ಬಿಸಿಲಾದರೆ ನೆರಳಿಗೆ, ಚಳಿಯಾದರೆ ಬಿಸಿಲಿಗೆ ಜಾಗ ಬದಲಿಸುತ್ತಿದ್ದರು, ಈ ಊರಿನ ಹವೆ ಸರಿಯಿಲ್ಲ ಎಂಬ ಮಾತು ಯಾರ ಬಾಯಲ್ಲೂ ಬಾರದಿರಲಿ ಎಂದು. ನೆಲವನ್ನು ವಾಸಯೋಗ್ಯವಾಗಿ ಉಳಿಸುವುದೂ ಕಟ್ಟಳೆಯೇ. ಕುರಿ, ಮೇಕೆ ಪೈರು ಮೇದು ಹಾಳುಮಾಡುತ್ತವೆಂದು ಅಲ್ಲಿ ಸಾಕಬಾರದು, ಸಿರಿಯಾದಲ್ಲಿ ಮತ್ತು ಮರುಭೂಮಿಯಲ್ಲಿ ಸಾಕಬಹುದು. ಬಲಿಪೀಠದ ಬೆಂಕಿಗೆ ಆಲಿವ್ ಮತ್ತು ದ್ರಾಕ್ಷಿಯ ಕಟ್ಟಿಗೆ ನಿಷಿದ್ಧ, ಅದಕ್ಕೆ ಕೊಡುವ ಒಂದು ಕಾರಣವೂ ನೆಲದ ಬಾಳ್ವೆ.

ಮಧ್ಯಯುಗದಲ್ಲಿ ಇದು ಪಟ್ಟಿಯ ಪ್ರಶ್ನೆಯಾಯಿತು. ಬೈಬಲಿನ ಮೊದಲ ಐದು ಪುಸ್ತಕಗಳಾದ ತೋರಾದಲ್ಲಿ 613 ಕಟ್ಟಳೆಗಳಿವೆ ಎಂಬುದು ನಂಬಿಕೆ. ಅವು ಯಾವುವು ಎಂದು ಎಣಿಸುವುದು ವಿದ್ವಾಂಸರ ಕೆಲಸ. 1138ರಲ್ಲಿ ಕೊರ್ಡೊಬಾದಲ್ಲಿ ಹುಟ್ಟಿದ ಮೈಮೊನಿಡೀಸ್ ತನ್ನ ಪಟ್ಟಿಯಲ್ಲಿ ನೆಲದ ವಾಸವನ್ನು ಸೇರಿಸಲೇ ಇಲ್ಲ. 1165ರಲ್ಲಿ ಅಕ್ಕೋಗೆ ಬಂದಿಳಿದರೂ ಅಲ್ಲಿ ನೆಲಸದೆ ಈಜಿಪ್ಟಿಗೆ ಹೋದ, 1204ರಲ್ಲಿ ಅಲ್ಲೇ ತೀರಿಕೊಂಡ. ಹಾಗೆಂದು ನೆಲ ಬಿಟ್ಟು ಹೋಗಲು ಅವನು ಸಲೀಸಾಗಿ ಅನುಮತಿ ಕೊಟ್ಟವನೂ ಅಲ್ಲ. ತೋರಾ ಕಲಿಯಲು, ಮದುವೆಯಾಗಲು, ವ್ಯಾಪಾರಕ್ಕೆ ಹೋಗಬಹುದು, ಆದರೆ ಮರಳಬೇಕು. ಹೊರಗೆ ನೆಲಸಲು ಬರ ಬಿದ್ದಿರಬೇಕು, ಒಂದು ದಿನಾರಿನ ಗೋಧಿ ಎರಡು ದಿನಾರಿಗೆ ಏರಿರಬೇಕು. ಕಾಳು ಅಗ್ಗವಾಗಿದ್ದೂ ಕೈಯಲ್ಲಿ ಕಾಸಿಲ್ಲ, ಕೂಲಿಯೂ ಸಿಗುವುದಿಲ್ಲ ಎಂದಾದರೆ ಆಗಲೂ ಹೋಗಬಹುದು. ಅಷ್ಟಾದ ಮೇಲೂ, ಹೋಗದಿರುವುದೇ ಭಕ್ತರ ನಡತೆ ಎಂದು ಸೇರಿಸುತ್ತಾನೆ. ಬರದಲ್ಲಿ ಊರು ಬಿಟ್ಟು ಮೋವಾಬಿನಲ್ಲಿ ಸತ್ತ ರೂತಳ ಗಂಡ ಮಖ್ಲೋನನ ಕಥೆ ಅವನ ನಿದರ್ಶನ.

ಗಿರೋನದ ನಾಖ್ಮನಿಡೀಸ್ (1194–1270) ಇದನ್ನು ಒಪ್ಪಲಿಲ್ಲ. ಮೈಮೊನಿಡೀಸ್ ಬಿಟ್ಟ ಕಟ್ಟಳೆಗಳ ಪಟ್ಟಿ ಮಾಡಿ, ನಾಲ್ಕನೆಯದಾಗಿ ಇದನ್ನು ಬರೆದ. ಆಧಾರ ಬೈಬಲಿನ ಅರಣ್ಯಕಾಂಡ 33:53, ‘ನೆಲವನ್ನು ಸ್ವಾಧೀನಮಾಡಿಕೊಂಡು ಅದರಲ್ಲಿ ವಾಸಿಸಿರಿ’. ಅವನ ಓದಿನಲ್ಲಿ ಈ ಆಜ್ಞೆ ಎಲ್ಲ ತಲೆಮಾರಿಗೂ, ದೇಶಭ್ರಷ್ಟತೆಯ ಕಾಲಕ್ಕೂ ಅನ್ವಯ. ನೆಲವನ್ನು ಬೇರೆ ಜನಾಂಗದ ಕೈಗೂ ಬಿಡಬಾರದು, ಪಾಳೂ ಬಿಡಬಾರದು. ಈ ಎರಡನೆಯ ಭಾಗ ಅಲ್ಲಿ ಆಗಲೇ ಬಾಳುತ್ತಿರುವವರ ಮೇಲೆ ಏನು ಪರಿಣಾಮ ಬೀರುತ್ತದೆ ಎಂಬುದು 13ನೇ ಶತಮಾನದಲ್ಲಿ ಬರಿಯ ಪಾಠದ ಮಾತಾಗಿತ್ತು. ಈಗ ಹಾಗಿಲ್ಲ.

ಕ್ರೈಸ್ತರೊಡನೆ ನಡೆದ 1263ರ ಬಾರ್ಸಿಲೋನಾ ವಾಗ್ವಾದದ ನಂತರ ಅವನು ಸ್ಪೇನ್ ಬಿಡಬೇಕಾಯಿತು. 1267ರಲ್ಲಿ ಜೆರುಸಲೇಮಿನಿಂದ ಮಗನಿಗೆ ಬರೆದ ಕಾಗದದಲ್ಲಿ ಊರಿನ ಸ್ಥಿತಿ ಕಣ್ಣಿಗೆ ಕಟ್ಟುತ್ತದೆ. ಸುಮಾರು 2,000 ಜನ, ಅವರಲ್ಲಿ 300 ಕ್ರೈಸ್ತರು. ಅಲ್ಲೇ ನೆಲಸಿದ್ದ ಯಹೂದಿಗಳೆಂದರೆ ಬಟ್ಟೆಗೆ ಬಣ್ಣ ಹಾಕುವ ಇಬ್ಬರು ಅಣ್ಣತಮ್ಮಂದಿರು ಮಾತ್ರ. ಪ್ರಾರ್ಥನೆಗೆ ಬೇಕಾದ ಹತ್ತು ಗಂಡಸರು ಸಬ್ಬತ್ತಿನ ದಿನ, ಅಂದರೆ ಶನಿವಾರದ ವಿಶ್ರಾಂತಿ ದಿನ, ಅವರ ಮನೆಯಲ್ಲಿ ಬಂದು ಕೂಡುತ್ತಿದ್ದರು. ಅಮೃತಶಿಲೆಯ ಕಂಬ, ಚೆಂದದ ಗುಮ್ಮಟ ಇದ್ದ ಪಾಳುಮನೆಯೊಂದನ್ನು ಹಿಡಿದು ಸಭಾಮಂದಿರ ಮಾಡಿದರು. ಶೆಖೆಮಿಗೆ ಸಾಗಿಸಿದ್ದ ತೋರಾ ಸುರುಳಿಗಳನ್ನು ಮರಳಿ ತರಿಸಿದರು.

ಇದಕ್ಕೂ ಮುಂಚೆ, 1141ರ ಮೇ ತಿಂಗಳಲ್ಲಿ, ಕವಿ ಯೆಹೂದಾ ಹಾಲೇವಿ ಅಲೆಕ್ಸಾಂಡ್ರಿಯಾದಿಂದ ಪುಣ್ಯಭೂಮಿಗೆ ಹಡಗು ಹತ್ತಿದ್ದ. ಅದೇ ವರ್ಷಗಳಲ್ಲಿ ನಮ್ಮ ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಟ್ಯುನಿಷಿಯಾ ಮೂಲದ ಯಹೂದಿ ವರ್ತಕ ಕಂಚಿನ ಕಾರ್ಖಾನೆ ನಡೆಸುತ್ತ ಸಂಸಾರ ಹೂಡಿದ್ದ. ಇಬ್ಬರ ಸುದ್ದಿಯೂ ನಮಗೆ ತಿಳಿದಿರುವುದು ಕೈರೋದ ಸಭಾಮಂದಿರವೊಂದರಲ್ಲಿ ಉಳಿದ ಕಾಗದಗಳ ರಾಶಿಯಿಂದ. ಬಹುಪಾಲು ಯಹೂದಿಗಳ ಬಾಳು ಹಾಲೇವಿಯದಕ್ಕಿಂತ ಬೆನ್ ಯಿಜುವಿನದಕ್ಕೇ ಹತ್ತಿರವಿತ್ತು.

ಫ್ರಾನ್ಸ್, ಜರ್ಮನಿಯ ತಾಲ್ಮುದ್ ವ್ಯಾಖ್ಯಾನಕಾರರಿಗೆ ಈ ಅಂತರವನ್ನು ವಿವರಿಸಬೇಕಿತ್ತು. ಅವರು ಎರಡು ಕಾರಣ ಕೊಟ್ಟರು: ದಾರಿ ಅಪಾಯದ್ದು, ಎರಡನೆಯದಾಗಿ, ರಬ್ಬಿ ಖಯೀಮ್ ಹೇಳುವಂತೆ, ನೆಲಕ್ಕೆ ಅಂಟಿದ ಕಟ್ಟಳೆಗಳನ್ನು ಈಗ ಸರಿಯಾಗಿ ಪಾಲಿಸಲಾಗದು, ಅಲ್ಲಿದ್ದು ತಪ್ಪಿದರೆ ಶಿಕ್ಷೆ ಹೆಚ್ಚು. ಎರಡನೆಯ ಕಾರಣವನ್ನು ಯಾರೋ ಶಿಷ್ಯ ನಡುವೆ ತುರುಕಿದ್ದೆಂದು ನಂತರದ ಕೆಲವರು ತಳ್ಳಿಹಾಕಿದರು. ಮೊದಲನೆಯದನ್ನು 16ನೇ ಶತಮಾನದಲ್ಲಿ ಸಫೇದ್‌ನ ಯೋಸೆಫ್ ಕಾರೊ ನೇರ ಭೂಪಟಕ್ಕಿಳಿಸಿದ. ಪಶ್ಚಿಮದ ತುದಿಯಿಂದ ನೋ-ಅಮೋನಿನವರೆಗೆ (ಅಲೆಕ್ಸಾಂಡ್ರಿಯಾ ಎಂದು ಅರ್ಥ ಮಾಡುತ್ತಾರೆ) ಸಂಗಾತಿಯನ್ನು ಒತ್ತಾಯಿಸುವಂತಿಲ್ಲ. ಅಲ್ಲಿಂದಾಚೆ ನೆಲದ ದಾರಿಯಲ್ಲಿ ಒತ್ತಾಯಿಸಬಹುದು. ಕಡಲ ದಾರಿಯಾದರೆ ಬೇಸಿಗೆಯಲ್ಲಿ, ಅದೂ ದರೋಡೆಕೋರರ ಕಾಟ ಇಲ್ಲದಿದ್ದರೆ ಮಾತ್ರ. ಹಾಗೆಯೇ, ಯಹೂದಿಯಲ್ಲದವನು ಅಲ್ಲಿ ಮನೆ ಮಾರುತ್ತಿದ್ದರೆ ಸಬ್ಬತ್ತಿನ ದಿನವೂ ಕೊಳ್ಳಬಹುದು, ಕ್ರಯಪತ್ರವನ್ನು ಮಾರುವವನ ಕೈಯಲ್ಲೇ ಬರೆಸಬಹುದು. ಸಬ್ಬತ್ತಿನ ದಿನ ಬೇರೆಯವರಿಂದ ಬರೆಸುವುದೂ ನಿಷಿದ್ಧವಾದ ಧರ್ಮದಲ್ಲಿ ಇಷ್ಟು ಸಡಿಲಿಕೆ ಕೊಟ್ಟದ್ದು ಕಡಿಮೆಯೇನಲ್ಲ.

ಖಯೀಮರ ಹೆದರಿಕೆ ಮಾತ್ರ ಪೊಳ್ಳಲ್ಲ. ಆ ನೆಲದಲ್ಲಿ ಒಂದು ಕಿತ್ತಳೆ ತಿನ್ನುವುದಕ್ಕೂ ವಿಧಿಯುಂಟು. ಹತ್ತು ಕಿಲೋ ಕಿತ್ತಳೆ ತಂದರೆ 100 ಗ್ರಾಂಗಿಂತ ತುಸು ಹೆಚ್ಚು ತೆಗೆದಿಡಬೇಕು. ಆ ‘ತುಸು ಹೆಚ್ಚು’ ಯಾಜಕನ ಪಾಲು. 100 ಗ್ರಾಂ ಲೇವಿಯನ (ದೇವಾಲಯದ ಸೇವೆಯ ಕುಲದವನ) ದಶಾಂಶದೊಳಗಿನ ಯಾಜಕನ ದಶಾಂಶ, ಹತ್ತನೇ ಪಾಲಿನ ಹತ್ತನೇ ಪಾಲು. ಏಳು ವರ್ಷದ ಚಕ್ರದಲ್ಲಿ 1, 2, 4, 5ನೇ ವರ್ಷ ಎರಡನೇ ದಶಾಂಶವನ್ನು ಹೆಸರಿಸಿ ಅದರ ಪಾವಿತ್ರ್ಯವನ್ನು ನಾಣ್ಯದ ಮೇಲೆ ವರ್ಗಾಯಿಸಬೇಕು. 3 ಮತ್ತು 6ರಲ್ಲಿ ಅದು ಬಡವರ ಪಾಲು. ದೇವಾಲಯವಿಲ್ಲದ ಕಾಲದಲ್ಲಿ ಯಾಜಕನೂ ಮೈಲಿಗೆಯಲ್ಲೇ ಇರುವುದರಿಂದ ತೆಗೆದಿಟ್ಟ ಹಣ್ಣನ್ನು ಯಾರೂ ತಿನ್ನುವಂತಿಲ್ಲ, ಸುತ್ತಿ ಎಸೆಯಬೇಕು. ತಪ್ಪಾಗುವ ಜಾಗಗಳೂ ಗೊತ್ತಿರುವಂಥವೇ. ಕಿತ್ತಳೆಯ ಬದಲು ನಿಂಬೆ ತೆಗೆದಿಟ್ಟರೆ ಸಲ್ಲದು, ಹೋದ ವರ್ಷದ ಫಸಲಿಗೆ ಈ ವರ್ಷದ್ದೂ ಸಲ್ಲದು. ಶುಕ್ರವಾರ ಮರೆತರೆ ಸಬ್ಬತ್ತಿನಂದು ತೆಗೆಯುವಂತಿಲ್ಲ, ಹಣ್ಣು ಬುಟ್ಟಿಯಲ್ಲೇ ಉಳಿಯುತ್ತದೆ. ಕತ್ತಲಾಗುವ ಮುಂಚೆ ಮನೆಯೊಳಗೆ ‘ದಶಾಂಶ ತೆಗೆದಿರಾ?’ ಎಂದು ಕೇಳಬೇಕು ಎಂದು ಮಿಶ್ನಾ ಹೇಳುವುದು ಇದಕ್ಕೇ.

ಈ ವಿಧಿ ಎಲ್ಲಿಂದ ಎಲ್ಲಿಯವರೆಗೆ? ಬೇತ್ ಶೆಆನ್ ಸಮೀಪದ ರೆಹೋವ್‌ನಲ್ಲಿ ಹಳೆಯ ಸಭಾಮಂದಿರದ ನೆಲಹಾಸಿನಲ್ಲಿ 29 ಸಾಲಿನ ಮೊಸಾಯಿಕ್ ಶಾಸನ ಸಿಕ್ಕಿದೆ. ಅದರಲ್ಲಿ ಶ್ಲೋಕವೂ ಇಲ್ಲ, ಸ್ತುತಿಯೂ ಇಲ್ಲ. ಸೌತೆ, ಕಲ್ಲಂಗಡಿ, ಪುದೀನ, ಎಳ್ಳು, ಸಾಸಿವೆ, ಅಕ್ಕಿ, ಜೀರಿಗೆ, ಬೆಳ್ಳುಳ್ಳಿ, ಈರುಳ್ಳಿ ಎಂದು ತರಕಾರಿ ಸಂತೆಯ ಪಟ್ಟಿ; ಯಾವ ಊರಲ್ಲಿ ಯಾವುದು ಏಳನೇ ವರ್ಷ ನಿಷಿದ್ಧ, ಎಲ್ಲಿ ಅಲ್ಲ ಎಂಬ ವಿವರ. ಬೇತ್ ಶೆಆನ್ ಊರಿಗೆ ಮಿಶ್ನಾ ಸಂಕಲಿಸಿದ ರಬ್ಬಿ ಯೆಹೂದಾ ಹನಾಸಿ ದಶಾಂಶದಿಂದ ವಿನಾಯಿತಿ ಕೊಟ್ಟಿದ್ದ. ಬಾಬಿಲೋನಿನಿಂದ ಮರಳಿದವರು ಕೆಲವು ಊರುಗಳನ್ನು ಬೇಕೆಂದೇ ಪಾವಿತ್ರ್ಯದ ಗಡಿಯಿಂದ ಹೊರಗಿಟ್ಟರು, ಏಳನೇ ವರ್ಷ ಬಡವರು ಅಲ್ಲಿನ ಬೆಳೆ ನೆಚ್ಚಿ ಬದುಕಲಿ ಎಂದು ತಾಲ್ಮುದ್ ಕಾರಣ ಕೊಡುತ್ತದೆ. ಪವಿತ್ರ ನೆಲದ ಗೆರೆ ಎಳೆಯುವಾಗ ಹೊಟ್ಟೆಯ ಲೆಕ್ಕವೂ ಇತ್ತು.

ಆ ಏಳನೇ ವರ್ಷವೇ ಶ್ಮಿತಾ: ಬಿತ್ತುವಂತಿಲ್ಲ, ತಾನಾಗಿ ಬೆಳೆದದ್ದು ಎಲ್ಲರದು. 19ನೇ ಶತಮಾನದ ಕೊನೆಯಲ್ಲಿ ಪೂರ್ವ ಯೂರೋಪಿನಿಂದ ಬಂದವರು ಹೊಸ ಹಳ್ಳಿ ಕಟ್ಟಿದಾಗ, 1888–89ರ ಶ್ಮಿತಾ ಅವರ ಕುತ್ತಿಗೆಗೆ ಬಂತು. ದ್ರಾಕ್ಷಿ ಬಳ್ಳಿ ಒಂದು ವರ್ಷ ಬಿಟ್ಟರೆ ಹಾಳು, ಹಣ ಹೂಡಿದ ಬ್ಯಾರನ್ ರಾಥ್‌ಶೀಲ್ಡ್‌ನ ಅಧಿಕಾರಿಗಳ ಒತ್ತಡ ಬೇರೆ. ಕೊವ್ನೊದ ರಬ್ಬಿ ಇಟ್ಸ್‌ಖಾಕ್ ಎಲ್ಖಾನನ್ ಸ್ಪೆಕ್ಟರ್ ಮತ್ತಿತರರು ದಾರಿಯೊಂದನ್ನು ತೋರಿಸಿದರು. ಹೊಲವನ್ನು ಯಹೂದಿಯಲ್ಲದವನಿಗೆ ತಾತ್ಕಾಲಿಕವಾಗಿ ಮಾರಿಬಿಡಿ, ಉಳುಮೆಯನ್ನೂ ಯಹೂದಿಯಲ್ಲದವರೇ ಮಾಡಲಿ. ಜೆರುಸಲೇಮಿನ ರಬ್ಬಿಗಳು ಕೂಡದು ಎಂದರು. ಎಕ್ರೋನ್ ಹಳ್ಳಿಯ ರೈತರು ಗೇಯಲು ಒಪ್ಪದೆ ಅಧಿಕಾರಿಗಳೊಡನೆ ಜಗಳಕ್ಕೆ ಬಿದ್ದರು. 1909–10ರಲ್ಲಿ ಜಾಫಾದ ರಬ್ಬಿ ಅಬ್ರಹಾಂ ಐಸಾಕ್ ಕೂಕ್ ಈ ಮಾರಾಟಕ್ಕೆ ವಿಸ್ತಾರವಾದ ಸಮರ್ಥನೆ ಬರೆದ.

ತೊಡಕು ಇದು: ಆ ನೆಲವನ್ನು ಅನ್ಯರಿಗೆ ಮಾರಬಾರದು ಎಂಬುದೂ ಕಟ್ಟಳೆಯೇ. ನೆಲದಲ್ಲಿ ಉಳಿಯಲೆಂದೇ ನೆಲ ಮಾರುವುದು! ಇದು ಅಲ್ಪಕಾಲದ ಮಾರಾಟ, ಕೊಳ್ಳುವ ಮುಸ್ಲಿಮ ಮೂರ್ತಿಪೂಜಕನಲ್ಲ, ಮಾರದಿದ್ದರೆ ಹಳ್ಳಿಯೇ ಅಳಿಯುತ್ತದೆ ಎಂಬುದು ಸಮರ್ಥಕರ ಉತ್ತರ. ನಿಷಿದ್ಧ ಕೆಲಸಕ್ಕೆ ನೇಮಿಸಿದ ಪ್ರತಿನಿಧಿಯ ಮಾರಾಟ ಊರ್ಜಿತವೇ ಅಲ್ಲ ಎಂಬುದು ಬ್ನೇ ಬ್ರಾಕ್‌ನ, ಹಝೋನ್ ಇಶ್ ಎಂದೇ ಹೆಸರಾದ ರಬ್ಬಿ ಎತ್ತಿದ ಆಕ್ಷೇಪ.

ಅತ್ತ ಮೂರು ಆಣೆಗಳು ಮತ್ತೆ ಎದ್ದವು. 1920ರ ಸ್ಯಾನ್ ರೆಮೊ ಸಮ್ಮೇಳನದ ನಂತರ, ಪ್ಯಾಲೆಸ್ಟೀನಿನಲ್ಲಿ ಯಹೂದಿ ನೆಲೆಗೆ ರಾಷ್ಟ್ರಗಳೇ ಒಪ್ಪಿಗೆ ಕೊಟ್ಟ ಮೇಲೆ ಆಣೆಯ ಭಯ ಕಳೆಯಿತು ಎಂದು ದ್ವಿನ್ಸ್ಕ್‌ನ ರಬ್ಬಿ ಮೆಯಿರ್ ಸಿಮ್ಖಾ ಬರೆದ. ಸತ್ಮಾರ್ ಪಂಥದ ಯೋಯೆಲ್ ಟೈಟೆಲ್‌ಬಾಮ್ 1961ರ ತನ್ನ ಗ್ರಂಥದಲ್ಲಿ ಇದಕ್ಕೆ ನೇರ ವಿರುದ್ಧವಾಗಿ, ಇಸ್ರೇಲ್ ರಾಜ್ಯ ಕಟ್ಟಿದ್ದೇ ಆಣೆ ಮುರಿದ ಪಾಪ ಎಂದು ವಾದಿಸಿದ. ನ್ಯೂಯಾರ್ಕಿನ ರಬ್ಬಿ ಮೋಶೆ ಫೈನ್‌ಸ್ಟೈನ್ ನಡುದಾರಿ ಹಿಡಿದ: ಹೋಗಿ ನೆಲಸಿದರೆ ಕಟ್ಟಳೆ ಪಾಲಿಸಿದಂತೆ, ಹೋಗದಿದ್ದರೆ ದೋಷವಿಲ್ಲ. 1967ರ ಯುದ್ಧದ ನಂತರ, ಗೆದ್ದ ಪ್ರದೇಶ ಬಿಡಬಾರದು ಎನ್ನುವವರು ನಾಖ್ಮನಿಡೀಸ್‌ನ ‘ಬೇರೆಯವರ ಕೈಗೆ ಬಿಡಬೇಡಿ’ ಎಂಬ ಮಾತನ್ನು ಎತ್ತಿಹಿಡಿದರು. ಆ ಬೇರೆಯವರು ಅಲ್ಲೇ ಹುಟ್ಟಿ ಬೆಳೆದ ಪ್ಯಾಲೆಸ್ಟೀನಿಯನರು. ರಬ್ಬಿ ಒವಾದಿಯಾ ಯೋಸೆಫ್ ಕೊಟ್ಟ ತೀರ್ಪಿನ ತಳಹದಿ ಬೇರೆ: ಜೀವ ಉಳಿಸುವುದು ಉಳಿದ ಬಹುತೇಕ ಎಲ್ಲ ಕಟ್ಟಳೆಗಿಂತ ದೊಡ್ಡದು, ನೆಲ ಕೊಟ್ಟು ಯುದ್ಧ ತಪ್ಪುವುದಾದರೆ ಕೊಡಬಹುದು.

ಇನ್ನು ವಾಸ ಯಾವುದು, ಭೇಟಿ ಯಾವುದು? ಹಬ್ಬ ಬಂದಾಗ ಗೊತ್ತಾಗುತ್ತದೆ. ಇಸ್ರೇಲ್‌ನಲ್ಲಿ ಪಸ್ಕ ಹಬ್ಬದ ಮೊದಲ ದಿನದ ವಿಧಿ ಒಂದೇ ದಿನ, ಹೊರನಾಡಿನಲ್ಲಿ ಎರಡು ದಿನ. ಮರಳಿ ಹೋಗುವ ಟಿಕೆಟ್ ಇಟ್ಟುಕೊಂಡು ಜೆರುಸಲೇಮಿಗೆ ಬಂದವನು ಬಹುತೇಕ ತೀರ್ಪುಗಳಂತೆ ಎರಡು ದಿನವೇ ಆಚರಿಸಬೇಕು, ಪಕ್ಕದ ಮನೆಯವರು ಎರಡನೇ ದಿನ ಕೆಲಸಕ್ಕೆ ಹೊರಟಿದ್ದರೂ. ಮನಸ್ಸಿನಲ್ಲಿ ನೆಲಸುವ ತೀರ್ಮಾನವಿದ್ದರೆ ಒಂದೇ ದಿನ.

ಕಳೆದ ಶ್ಮಿತಾ ಮುಗಿದದ್ದು 2022ರ ಸೆಪ್ಟೆಂಬರಿನಲ್ಲಿ, ಮುಂದಿನದು ಶುರುವಾಗುವುದು 2028ರ ಸೆಪ್ಟೆಂಬರಿನಲ್ಲಿ. ಆಗ ಸಂಪ್ರದಾಯಸ್ಥ ಗಿರಾಕಿ ತರಕಾರಿ ಅಂಗಡಿಯಲ್ಲಿ ಫಲಕ ಓದಿಯೇ ಕೈ ಹಾಕುತ್ತಾನೆ. ಒಂದು ರಾಶಿ ಮಾರಿದ ಹೊಲದ್ದು. ಇನ್ನೊಂದು ಧರ್ಮನ್ಯಾಯಾಲಯವೇ ರೈತನನ್ನು ಕೂಲಿಗೆ ನೇಮಿಸಿ ಕೊಯ್ಸಿದ್ದು. ಅದಕ್ಕೆ ಕೊಡುವ ಹಣ ಕೂಲಿಗೆ ಮತ್ತು ಸಾಗಾಟಕ್ಕೆ, ಹಣ್ಣಿಗಲ್ಲ. ಮೂರನೆಯದು ದಕ್ಷಿಣದ ಅರಾವಾದಿಂದ, ಹಳೆಯ ಗಡಿಯ ಆಚೆಯಿಂದ ಬಂದದ್ದು. ಎರಡನೆಯ ರಾಶಿಯ ಸಿಪ್ಪೆಯನ್ನು ಕಸಕ್ಕೆ ಎಸೆಯುವಂತಿಲ್ಲ. ಅಡುಗೆಮನೆಯಲ್ಲಿ ಅದಕ್ಕೇ ಬೇರೆ ಡಬ್ಬಿ ಇರುತ್ತದೆ, ಕೊಳೆತ ಮೇಲಷ್ಟೇ ಅದನ್ನು ಬಿಸಾಡಬಹುದು.