ಚಳಿಗಾಲ ಕಳೆದ ಹಳೆಯ ಮಿನಿ: ಕೂಲಂಟ್ ಸೋರುವುದೆಲ್ಲಿ?

ಬ್ರಿಟನ್ನಿನಲ್ಲಿ ರಸ್ತೆಗೆ ಉಪ್ಪು ಚೆಲ್ಲುವ ಕಾಲ ಬಂತೆಂದರೆ ಹಳೆಯ ಮಿನಿ ಕಾರುಗಳಲ್ಲಿ ಹಲವು ಗ್ಯಾರೇಜು ಸೇರುತ್ತವೆ, ಮಾರ್ಚ್ ಕಳೆದ ಮೇಲೆ ಹೊರಬರುತ್ತವೆ. ಆಗ ಮುಂಭಾಗದ ಕೆಳಗೆ ನೆಲದ ಮೇಲೊಂದು ನೀಲಿ ಕಲೆ ಕಾಣುತ್ತದೆ: ಎಂಜಿನ್ನನ್ನು ತಣ್ಣಗಿಡುವ ದ್ರವ, ಅಂದರೆ ಕೂಲಂಟ್, ಸೋರಿದೆ. ಬಾನೆಟ್ ಎತ್ತಿದರೆ ತುಸು ಸಿಹಿಯಾದ ವಾಸನೆ. ಎಂಜಿನ್ ಶುರುಮಾಡಿ ಎಲ್ಲಿಂದ ಬರುತ್ತಿದೆ ನೋಡೋಣ ಅನ್ನಿಸುವುದು ಸಹಜ. ದಯವಿಟ್ಟು ಹಾಗೆ ಮಾಡಬೇಡಿ. ನಿಂತಿದ್ದ ಕಾರಿನ ಸೋರಿಕೆಯನ್ನು ಎಂಜಿನ್ ತಣ್ಣಗಿರುವಾಗಲೇ ಹಿಡಿಯಬೇಕು.

ಇದಕ್ಕೆ ಎರಡು ಕಾರಣಗಳಿವೆ. 1996ಕ್ಕಿಂತ ಹಿಂದಿನ ಮಿನಿಗಳಲ್ಲಿ ರೇಡಿಯೇಟರ್ ಎಂಜಿನ್ನಿನ ಎಡಪಕ್ಕದಲ್ಲಿದೆ, ಫ್ಯಾನ್ ವಾಟರ್ ಪಂಪಿನ ಪುಲ್ಲಿಯ ಮೇಲೇ ಕೂತಿದೆ. ಪಂಪಿನಿಂದ ಜಿನುಗಿದ ಹನಿಯನ್ನು ಆ ಫ್ಯಾನ್ ಸುತ್ತಲೂ ಎರಚಿಬಿಡುತ್ತದೆ. ಎರಡು ನಿಮಿಷದಲ್ಲಿ ಎಲ್ಲವೂ ಒದ್ದೆ, ಮೂಲ ಯಾವುದೆಂದು ತಿಳಿಯುವುದಿಲ್ಲ. ಎರಡನೆಯದು, ಚಳಿಯಲ್ಲಿ ರಬ್ಬರ್ ಲೋಹಕ್ಕಿಂತ ಹಲವು ಪಟ್ಟು ಹೆಚ್ಚು ಕುಗ್ಗುತ್ತದೆ. ಕ್ಲಿಪ್ಪಿನ ಹಿಡಿತದಲ್ಲಿ ವರ್ಷಗಟ್ಟಲೆ ಕೂತ ಹೋಸ್ ಹಿಂಪುಟಿಯುವ ಗುಣ ಕಳೆದುಕೊಂಡಿರುತ್ತದೆ, ಆದ್ದರಿಂದ ಥಂಡಿಯಲ್ಲಿ ಕೂದಲೆಳೆಯಷ್ಟು ಸಂದು ಬಿಡುತ್ತದೆ. ಎಂಜಿನ್ ಬಿಸಿಯಾದೊಡನೆ ರಬ್ಬರ್ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ. ಸಂಜೆ ಎಷ್ಟು ಹುಡುಕಿದರೂ ಏನೂ ಇರುವುದಿಲ್ಲ, ಬೆಳಗ್ಗೆ ಮತ್ತೆ ನೆಲ ಒದ್ದೆ.

ಮೊದಲು ಒಣ ಗುರುತುಗಳನ್ನು ನೋಡಿ. ಸೋರಿದ ಕೂಲಂಟಿನ ನೀರು ಆವಿಯಾಗಿ, ತುಕ್ಕುನಿರೋಧಕ ಲವಣಗಳು ಬಿಳಿ ಅಥವಾ ನೀಲಿ-ಹಸಿರು ಹೊಪ್ಪಳೆಯಾಗಿ ಉಳಿದಿರುತ್ತವೆ. ಟಾರ್ಚು, ಉದ್ದ ಹಿಡಿಯ ಕನ್ನಡಿ ಹಿಡಿದು ಹನಿ ಬಿದ್ದ ಜಾಗದಿಂದ ಮೇಲಕ್ಕೆ ಹುಡುಕುತ್ತ ಹೋಗಿ. ಒದ್ದೆಯಾದ ಅತಿ ಎತ್ತರದ ಜಾಗವೇ ನಿಮಗೆ ಬೇಕಾದ್ದು.

ಆಮೇಲೆ ಒತ್ತಡದ ಪರೀಕ್ಷೆ. ರೇಡಿಯೇಟರನ್ನು ಕತ್ತಿನವರೆಗೆ ತುಂಬಿಸಿ, ಮುಚ್ಚಳದ ಬದಲು ಕೈಪಂಪಿನ ಟೆಸ್ಟರ್ ಕೂರಿಸಿ, ಮುಚ್ಚಳದ ಮೇಲೆ ಅಚ್ಚಾಗಿರುವ ಅಂಕಿಯವರೆಗೆ ಮಾತ್ರ ಒತ್ತಡ ಏರಿಸಿ. ಬಹುಪಾಲು ಮಿನಿಗಳಲ್ಲಿ ಅದು 13 ಪಿಎಸ್‌ಐ, ನಂತರದವುಗಳಲ್ಲಿ 15. ಅದಕ್ಕಿಂತ ಏರಿಸಿದರೆ ಹಳೆಯ ರೇಡಿಯೇಟರಿನ ಬೆಸುಗೆಯನ್ನು ನೀವೇ ಬಿಡಿಸಿದಂತಾಗುತ್ತದೆ. ಹದಿನೈದು ನಿಮಿಷ ಬಿಡಿ. ಟೆಸ್ಟರಿನ ಮುಳ್ಳು ಕದಲದಿದ್ದರೆ ಮುಚ್ಚಳವನ್ನೇ ಪರೀಕ್ಷಿಸಿ: ಅದರ ರಬ್ಬರ್ ಬಿಲ್ಲೆ ಗಟ್ಟಿಯಾಗಿದ್ದರೆ ಕೂಲಂಟ್ ಓವರ್‌ಫ್ಲೋ ನಳಿಗೆಯಿಂದ ಹೊರಹೋಗುತ್ತದೆ. ಒತ್ತಡ ನಿಲ್ಲದಿದ್ದರೆ ಎಂಜಿನ್ ಸಲೀಸಾಗಿ ಕುದಿಯುತ್ತದೆ ಕೂಡ, ಏಕೆಂದರೆ ಬರಿಯ ನೀರೂ 13 ಪಿಎಸ್‌ಐನಲ್ಲಿ ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯುತ್ತದೆ.

ಮುಳ್ಳು ಇಳಿಯುತ್ತಿದ್ದರೆ ಮೊದಲ ಅನುಮಾನ ಬೈಪಾಸ್ ಹೋಸಿನ ಮೇಲೆ. ವಾಟರ್ ಪಂಪಿನ ಮೇಲ್ತುದಿಯಿಂದ ಸಿಲಿಂಡರ್ ಹೆಡ್ಡಿನ ತಳಕ್ಕೆ ಹೋಗುವ ಈ ಗಿಡ್ಡ ರಬ್ಬರ್ ನಳಿಗೆ ಮಿನಿಯ ಎ-ಸೀರೀಸ್ ಎಂಜಿನ್ನಿನ ಅತಿ ದುರ್ಬಲ ಜಾಗ. ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿನ ದಾರಿ ತಡೆಯುವ ಕವಾಟ, ಅಂದರೆ ಥರ್ಮೋಸ್ಟಾಟ್, ಮುಚ್ಚಿರುವಾಗ ಕೂಲಂಟ್ ತಿರುಗಾಡಲು ಇರುವ ದಾರಿಯಿದು. ಇದರ ಹಿಂಬದಿಯ ಬಿರುಕು ಕಣ್ಣಿಗೆ ಬೀಳುವುದಿಲ್ಲ, ಬೆರಳಾಡಿಸಿಯೇ ತಿಳಿಯಬೇಕು. ನೇರ ನಳಿಗೆ ಹಾಕಲು ಪಂಪನ್ನೋ ಹೆಡ್ಡನ್ನೋ ಬಿಚ್ಚಬೇಕಾಗುತ್ತದೆ. ಸುಕ್ಕುಸುಕ್ಕಾದ ಬಗೆಯದನ್ನು ಒತ್ತಿ ತೂರಿಸಬಹುದು. ಆದರೆ ಪಂಪಿಗೂ ವಯಸ್ಸಾಗಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸುವುದೇ ಸರಿಯಾದ ಕೆಲಸ.

ಪಂಪಿನ ಕೆಳಮೈಯ ಸಣ್ಣ ರಂಧ್ರದಿಂದ ಹನಿ ಬಂದರೆ ಒಳಗಿನ ಸೀಲ್ ಹೋಗಿದೆ ಎಂದರ್ಥ. ನಿಂತ ಕಾರಿನಲ್ಲಿ ಸೀಲಿನ ಉಜ್ಜುಮೈ ಮೇಲೆ ಲವಣ ಹರಳುಗಟ್ಟಿರುತ್ತದೆ. ಎಂಜಿನ್ ತಿರುಗಿದೊಡನೆ ಅದು ಮೈಯನ್ನು ಗೀಚುತ್ತದೆ. ಆ ರಂಧ್ರವನ್ನು ಮುಚ್ಚಲೇಬಾರದು, ಮುಚ್ಚಿದರೆ ನೀರು ಬೇರಿಂಗಿಗೆ ಇಳಿಯುತ್ತದೆ.

ಮುಂದೆ ಎಂಜಿನ್ನಿನ ಎರಕದ ಒಡಲಾದ ಬ್ಲಾಕಿನ ಕೋರ್ ಪ್ಲಗ್‌ಗಳು. ನೀರು ಹೆಪ್ಪುಗಟ್ಟಿದರೆ ಬ್ಲಾಕ್ ಒಡೆಯದಂತೆ ಇವು ತಾವೇ ಕಳಚಿಕೊಳ್ಳುತ್ತವೆ ಎಂಬ ನಂಬಿಕೆಯಿದೆ. ಅದಕ್ಕಾಗಿ ಇಟ್ಟವಲ್ಲ ಇವು. ಎರಕದ ಮರಳನ್ನು ಹೊರತೆಗೆಯಲು ಬಿಟ್ಟ ತೂತುಗಳ ಮುಚ್ಚಳಗಳು, ಅಷ್ಟೇ. ನೀರು ಮಂಜುಗಡ್ಡೆಯಾಗುವಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಪ್ಲಗ್ ಹಾರಬಹುದು, ಬ್ಲಾಕೇ ಬಿರಿಯಲೂಬಹುದು. ಕಳೆದ ಬೇಸಗೆಯಲ್ಲಿ ಬರೀ ನೀರು ಸುರಿಯುತ್ತ ಬಂದಿದ್ದರೆ ಈ ಅಪಾಯ ನಿಜ: ಕೂಲಂಟಿನಲ್ಲಿ ಹೆಪ್ಪುಗಟ್ಟುವಿಕೆ ತಡೆಯುವ ಗ್ಲೈಕಾಲ್ ಅರ್ಧದಷ್ಟಿದ್ದರೆ ಮೈನಸ್ 37 ಡಿಗ್ರಿ ಸೆಲ್ಸಿಯಸ್‌ವರೆಗೆ ರಕ್ಷಣೆ, ಮೂರನೇ ಒಂದಕ್ಕೆ ಇಳಿದರೆ ಮೈನಸ್ 18ರ ಆಸುಪಾಸು ಮಾತ್ರ. ಆದರೆ ಹೆಚ್ಚಿನ ಪ್ಲಗ್‌ಗಳನ್ನು ಕೊಲ್ಲುವುದು ಹಿಮವಲ್ಲ, ಒಳಗಿನಿಂದ ತಿನ್ನುವ ತುಕ್ಕು.

ಒತ್ತಡ ಇಳಿಯುತ್ತಿದೆ, ಹೊರಗೆಲ್ಲೂ ಹನಿಯಿಲ್ಲ ಎಂದಾದರೆ ಕಾರಿನೊಳಗೆ ಮುಂದಿನ ಕಾರ್ಪೆಟ್ ಮುಟ್ಟಿ ನೋಡಿ. ಅಂಟಂಟಾಗಿದ್ದರೆ ಡ್ಯಾಶ್‌ಬೋರ್ಡಿನ ಕೆಳಗಿನ ಹೀಟರ್ ಸೋರುತ್ತಿದೆ. ಅದೂ ಅಲ್ಲವಾದರೆ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ಎಂಜಿನ್ನನ್ನು ಕೈಯಲ್ಲಿ ತಿರುಗಿಸಿ. ಯಾವ ತೂತಿನಿಂದ ದ್ರವ ಬರುತ್ತದೋ ಅಲ್ಲಿ ಹೆಡ್ಡಿಗೂ ಬ್ಲಾಕಿಗೂ ನಡುವಿನ ಹಾಳೆ, ಅಂದರೆ ಹೆಡ್ ಗ್ಯಾಸ್ಕೆಟ್, ಬಿಟ್ಟಿದೆ. ಎಣ್ಣೆಯ ಮುಚ್ಚಳದಡಿ ಬರೀ ಬೂದುಬಿಳಿ ಕೆನೆ ಕಂಡರೆ ಗಾಬರಿ ಬೇಡ, ಚಳಿಗಾಲದ ತೇವವೂ ಅದನ್ನು ಮಾಡುತ್ತದೆ. ಡಿಪ್‌ಸ್ಟಿಕ್ಕಿನ ಎಣ್ಣೆಯೇ ಹಾಲಿನಂತಿದ್ದರೆ ಮಾತ್ರ ಎಂಜಿನ್ ಶುರುಮಾಡಬೇಡಿ: ಮಿನಿಯಲ್ಲಿ ಗೇರ್‌ಬಾಕ್ಸಿಗೂ ಅದೇ ಎಣ್ಣೆ.

ಸೋರಿಕೆ ಮುಚ್ಚುವ ಪುಡಿ, ದ್ರಾವಣಗಳನ್ನು ಹಾಕಬೇಡಿ. ಹೀಟರಿನ ಸಣ್ಣ ನಳಿಗೆಗಳು ಮೊದಲು ಕಟ್ಟಿಕೊಳ್ಳುತ್ತವೆ. ಹಳೆಯ ಕ್ಲಿಪ್ಪನ್ನು ಇನ್ನಷ್ಟು ಬಿಗಿದರೂ ಗಡಸಾದ ರಬ್ಬರ್ ಸೀಳುತ್ತದೆಯೇ ಹೊರತು ಕೂಡುವುದಿಲ್ಲ. ಹೋಸ್ ಹೊಸದೇ ಹಾಕಿ.

ತುಂಬಿಸಲು ಬೇಕಾದ್ದು ಒಟ್ಟು ಮೂರೂವರೆ ಲೀಟರ್: ಅರ್ಧ ಡಿಸ್ಟಿಲ್ಡ್ ನೀರು, ಅರ್ಧ ಹಳೆಯ ಬಗೆಯ ನೀಲಿ ಎಥಿಲೀನ್ ಗ್ಲೈಕಾಲ್. ಸೀಸದ ಬೆಸುಗೆಯ ತಾಮ್ರ-ಹಿತ್ತಾಳೆ ರೇಡಿಯೇಟರಿಗೆ ಇದೇ ಸುರಕ್ಷಿತ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಬಸಿದ ದ್ರವವನ್ನು ಆಗಲೇ ಮುಚ್ಚಿದ ಡಬ್ಬಿಗೆ ಸೇರಿಸಿ. ಸಿಹಿಯಾಗಿರುವುದರಿಂದ ನಾಯಿಗಳೂ ಮಕ್ಕಳೂ ಬಾಯಿಗಿಡುತ್ತಾರೆ, ಸ್ವಲ್ಪವೇ ಸಾಕು ಮೂತ್ರಪಿಂಡ ಕೆಡಲು. ಹೀಟರ್ ಪೂರ್ತಿ ತೆರೆದಿಟ್ಟು ನಿಧಾನವಾಗಿ ತುಂಬಿಸಿ, ಥರ್ಮೋಸ್ಟಾಟ್ ತೆರೆದು ಮೇಲಿನ ಹೋಸ್ ಬಿಸಿಯಾಗುವವರೆಗೆ ಎಂಜಿನ್ ಓಡಿಸಿ, ರಾತ್ರಿಯಿಡೀ ಆರಲು ಬಿಡಿ. ಮರುದಿನ ಬೆಳಗ್ಗೆ ಮಟ್ಟ ನೋಡಿ ತುಂಬಿಸಿ, ಹೊಸ ಕ್ಲಿಪ್‌ಗಳನ್ನು ಇನ್ನೊಂದು ಸುತ್ತು ಬಿಗಿದು, ತಣ್ಣಗಿರುವಾಗಲೇ ಮತ್ತೊಮ್ಮೆ 13 ಪಿಎಸ್‌ಐ ಏರಿಸಿ ಹದಿನೈದು ನಿಮಿಷ ಕಾಯಿರಿ.