ಪದ ಪರಿಚಯ: ಡಾಕ್ಸ್ ಆಸ್ ಕೋಡ್

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಸುವ ಒಂದು ಹಳೆಯ ಪುಟದಲ್ಲಿ ಹೀಗಿದೆ ಅಂದುಕೊಳ್ಳಿ:

>>> 7 / 2
3

ಪೈಥಾನ್ 2ರಲ್ಲಿ ಇದು ಸರಿ. ಏಳನ್ನು ಎರಡರಿಂದ ಭಾಗಿಸಿ, ಉಳಿದ ಅರ್ಧವನ್ನು ಅದು ಬಿಟ್ಟುಬಿಡುತ್ತಿತ್ತು. 2008ರಲ್ಲಿ ಪೈಥಾನ್ 3 ಬಂತು. ಅದರಲ್ಲಿ ಇದೇ ಲೆಕ್ಕಕ್ಕೆ ಉತ್ತರ 3.5. ಪುಟದ ಒಂದಕ್ಷರವನ್ನೂ ಯಾರೂ ಮುಟ್ಟಿಲ್ಲ, ಆದರೂ ಅದು ತಪ್ಪಾಗಿಬಿಟ್ಟಿತು. ಅದನ್ನು ನಂಬಿ ಕೂತ ಹೊಸಬರು ತಪ್ಪು ತಮ್ಮದೇ ಇರಬೇಕು ಅಂತ ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ನನಗೆ ಜಾಸ್ತಿ ಬೇಜಾರಾಗುವುದು ಇದಕ್ಕೇ.

ಡಾಕ್ಸ್ ಅಂದರೆ ಡಾಕ್ಯುಮೆಂಟೇಶನ್. ಸಾಫ್ಟ್‌ವೇರನ್ನು ಹಾಕಿಕೊಳ್ಳುವುದು, ಬಳಸುವುದು, ತಿದ್ದುವುದು ಹೇಗೆ ಎಂದು ತಿಳಿಸುವ ಬರಹ. ಈ ಬರಹವನ್ನೂ ಕೋಡ್ ನೋಡಿಕೊಂಡಷ್ಟೇ ಜೋಪಾನವಾಗಿ, ಅದೇ ಸಲಕರಣೆಗಳಿಂದ ನೋಡಿಕೊಳ್ಳುವ ಪದ್ಧತಿಗೆ 'ಡಾಕ್ಸ್ ಆಸ್ ಕೋಡ್' ಎನ್ನುತ್ತಾರೆ. ಬರಹ ಬೇರೆಲ್ಲೋ ಒಂದು ವರ್ಡ್ ಫೈಲಿನಲ್ಲಿ ಇರುವುದಿಲ್ಲ. ಕೋಡ್ ಇರುವ ಗಿಟ್ ರೆಪೊದಲ್ಲೇ (ಪ್ರತಿ ಬದಲಾವಣೆಯ ದಾಖಲೆ ಇಡುವ ಸಂಗ್ರಹದಲ್ಲೇ), ಸಾಮಾನ್ಯವಾಗಿ 'ಡಾಕ್ಸ್' ಎಂಬ ಫೋಲ್ಡರಿನಲ್ಲಿ, ಸಾದಾ ಟೆಕ್ಸ್ಟ್ ಆಗಿ ಇರುತ್ತದೆ. ಬದಲಿಸಬೇಕಾದರೆ ಪುಲ್ ರಿಕ್ವೆಸ್ಟ್, ಅಂದರೆ 'ಈ ಬದಲಾವಣೆ ಸೇರಿಸಿಕೊಳ್ಳಿ' ಎಂಬ ಕೋರಿಕೆ, ಕಳಿಸಬೇಕು, ಇನ್ನೊಬ್ಬರು ಓದಿ ಒಪ್ಪಬೇಕು. ಯಾರು, ಯಾವಾಗ, ಯಾಕೆ ಬದಲಿಸಿದರು ಎಂಬುದು ಹಿಸ್ಟರಿಯಲ್ಲಿ ಉಳಿಯುತ್ತದೆ.

ಪೈಥಾನ್‌ನಲ್ಲಿ ವೆಬ್‌ಸೈಟ್ ಕಟ್ಟಲು ಬಳಸುವ ಜಾಂಗೋ ಎಂಬ ಪ್ರಾಜೆಕ್ಟ್ ಇದನ್ನು ಕಟ್ಟುನಿಟ್ಟಾಗಿ ಪಾಲಿಸುತ್ತದೆ. ಹೊಸ ಫೀಚರ್ ಕಳಿಸಿದರೆ ಅದರ ಜೊತೆಗೇ ಅದು ಸರಿಯಾಗಿ ನಡೆಯುತ್ತದೆಯೇ ಎಂದು ಪರೀಕ್ಷಿಸುವ ಟೆಸ್ಟ್ ಬೇಕು, ಡಾಕ್ಸ್ ಕೂಡ ಬೇಕು. 'ಆಮೇಲೆ ಬರೀತೀನಿ' ಅನ್ನುವುದು ನಡೆಯುವುದಿಲ್ಲ. ಬರೆದವರ ತಲೆಯಲ್ಲಿ ವಿಷಯ ಬಿಸಿಯಾಗಿದ್ದಾಗಲೇ ಬರೆಸಿಕೊಳ್ಳುವುದು ಎಷ್ಟು ಒಳ್ಳೆಯದು ಅಲ್ವಾ?

ಇನ್ನು ಮೇಲಿನ ಲೆಕ್ಕಕ್ಕೆ ಬರೋಣ. ಪೈಥಾನ್ ಜೊತೆ 2001ರಿಂದಲೂ 'ಡಾಕ್‌ಟೆಸ್ಟ್' ಎಂಬ ಸಲಕರಣೆ ಬರುತ್ತಿದೆ. ಮೂರು ಬಾಣದ ಗುರುತಿನ ಮುಂದೆ ಬರೆದದ್ದನ್ನು ಅದು ನಿಜವಾಗಿಯೂ ಓಡಿಸಿ ನೋಡುತ್ತದೆ. ಬಂದ ಉತ್ತರವನ್ನು ಕೆಳಗಿನ ಸಾಲಿನ ಜೊತೆ ಹೋಲಿಸುತ್ತದೆ. ಪೈಥಾನ್ 3ರಲ್ಲಿ ಓಡಿಸಿದರೆ, ಇರಬೇಕಾದ್ದು 3, ಬಂದದ್ದು 3.5 ಎಂದು ತಕ್ಷಣ ತೋರಿಸುತ್ತದೆ. ಓದುಗರು ಎಡವುವ ಮೊದಲೇ ತಪ್ಪು ಸಿಕ್ಕಿಬಿತ್ತು.

ಬರೆಯುವ ದಾರಿ ಸುಲಭವಾಗಿರುವುದೂ ಮುಖ್ಯ. ಪೈಥಾನ್‌ನದೇ ಡಾಕ್ಸ್ ಬಹುಕಾಲ ಲಾಟೆಕ್ ಎಂಬ ಅಚ್ಚುಜೋಡಣೆಯ ಭಾಷೆಯಲ್ಲಿತ್ತು. ಅದು ಗೊತ್ತಿಲ್ಲದವರಿಗೆ ಒಂದು ಸಾಲು ತಿದ್ದುವುದೂ ಕಷ್ಟ. 2008ರ 2.6 ಆವೃತ್ತಿಯ ಹೊತ್ತಿಗೆ ಅದನ್ನೆಲ್ಲ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಎಂಬ ಸರಳ ರೂಪಕ್ಕೆ ತಂದರು. ಆ ಬರಹವನ್ನು ಓದುವ ಪುಟಗಳಾಗಿ ಮಾಡಲೆಂದೇ ಗೇಯಾರ್ಗ್ ಬ್ರಾಂಡಲ್ ಮಾಡಿದ ಸ್ಫಿಂಕ್ಸ್ ಸಲಕರಣೆಯನ್ನು ಲಿನಕ್ಸ್ ಕರ್ನಲ್ (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಪ್ರಾಜೆಕ್ಟ್ ಕೂಡ 2016ರಿಂದ ಬಳಸುತ್ತಿದೆ.

ಯಂತ್ರಕ್ಕೆ ಸಿಗದ ತಪ್ಪೂ ಒಂದಿದೆ: ಬಿಟ್ಟುಹೋದ ಹಂತ. ವರ್ಷಗಟ್ಟಲೆ ಅದೇ ಕೆಲಸ ಮಾಡಿದವರ ಕಂಪ್ಯೂಟರಿನಲ್ಲಿ ಬೇಕಾದ್ದೆಲ್ಲ ಮೊದಲೇ ಇರುತ್ತದೆ. ಹಾಗಾಗಿ ಅವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಖಾಲಿ ಕಂಪ್ಯೂಟರ್ ತೆಗೆದು, ಪುಟ ನೋಡುತ್ತಾ ಒಂದೊಂದೇ ಸಾಲು ಹಾಕುವ ಹೊಸಬರಿಗೆ ಮಾತ್ರ ಅದು ಕಾಣುತ್ತದೆ. ಅದಕ್ಕೇ ಪ್ರಾಜೆಕ್ಟಿಗೆ ಹೊಸದಾಗಿ ಬಂದವರಿಗೆ ನಾನು ಮೊದಲು ಕೊಡುವ ಕೆಲಸ ಇನ್‌ಸ್ಟಾಲ್ ಪುಟದ್ದು. ಎಲ್ಲಿ ನಿಂತಿರೋ ಅಲ್ಲೇ ಬರೆದು ಕಳಿಸಿ ಅನ್ನುತ್ತೇನೆ.