ಟೆರಿಜಿಯಂ ಆಪರೇಷನ್ ಅಂದರೆ ಏನು?

'ಕಣ್ಣಲ್ಲಿ ಮಾಂಸ ಬೆಳೆದಿದೆ' ಅನ್ನುವುದನ್ನು ಕೇಳಿರುತ್ತೀರಿ ಅಲ್ವಾ? ಹೆಚ್ಚಾಗಿ ಅದು ಟೆರಿಜಿಯಂ. ಕಣ್ಣಿನ ಬಿಳಿಭಾಗದಿಂದ, ಸಾಮಾನ್ಯವಾಗಿ ಮೂಗಿನ ಕಡೆಯಿಂದ, ಕೆಂಪು ರಕ್ತನಾಳಗಳಿರುವ ತೆಳು ಪದರವೊಂದು ತ್ರಿಕೋನದ ಆಕಾರದಲ್ಲಿ ಕರಿಗುಡ್ಡೆಯ ಮೇಲೆ ನಿಧಾನವಾಗಿ ಹತ್ತುತ್ತದೆ. ಇದು ಕ್ಯಾನ್ಸರ್ ಅಲ್ಲ. ಕಣ್ಣಿನ ಪೊರೆಯೂ ಅಲ್ಲ, ಪೊರೆ ಬರುವುದು ಒಳಗಿನ ಲೆನ್ಸಿಗೆ.

ಬಿಸಿಲಿನ ಅತಿನೇರಳೆ ಕಿರಣ ಮುಖ್ಯ ಕಾರಣ, ಧೂಳೂ ಒಣಗಾಳಿಯೂ ಜೊತೆಗೂಡುತ್ತವೆ. ಬೆಂಗಳೂರು ತಂಪು ಊರು, ಇಲ್ಲೇನು ಬಿಸಿಲು ಅನ್ನಬೇಡಿ. ನಾವಿರುವುದು 900 ಮೀಟರ್ ಎತ್ತರದಲ್ಲಿ, ಸೆಕೆ ಇಲ್ಲದ ದಿನವೂ ಆ ಕಿರಣ ಇದ್ದೇ ಇರುತ್ತದೆ. ಹಗಲಿಡೀ ಸಿಗ್ನಲ್ ಹತ್ತಿರ ನಿಲ್ಲುವ ಟ್ರಾಫಿಕ್ ಪೊಲೀಸರು, ಡೆಲಿವರಿ ಹುಡುಗರು, ಗಾರೆ ಕೆಲಸದವರು ಕೂಲಿಂಗ್ ಗ್ಲಾಸ್ ಹಾಕಿದರೆ ದಯವಿಟ್ಟು ಅದನ್ನು ಶೋಕಿ ಅನ್ನಬೇಡಿ.

ಎಲ್ಲರಿಗೂ ಆಪರೇಷನ್ ಬೇಕಾಗುವುದಿಲ್ಲ. ಸ್ವಲ್ಪ ಉರಿ, ಕೆಂಪು ಅಷ್ಟೇ ಇದ್ದರೆ ಕಣ್ಣು ಒಣಗದ ಹಾಗೆ ಡ್ರಾಪ್ಸ್ ಕೊಟ್ಟು ಕಾಯುತ್ತಾರೆ. ಬೆಳವಣಿಗೆ ಪಾಪೆಯ ಕಡೆ ಸಾಗಿದರೆ, ಅಥವಾ ಕರಿಗುಡ್ಡೆಯನ್ನು ಎಳೆದು ಅದರ ಬಾಗು ಕೆಟ್ಟು ನೋಟ ಮಸುಕಾದರೆ, ಆಗ ತೆಗೆಯಬೇಕು.

ತೆಗೆಯುವುದು ಅರ್ಧ ಕೆಲಸ ಮಾತ್ರ. ಹಿಂದೆ ಸುಮ್ನೆ ಕೆರೆದು ತೆಗೆದು ಆ ಜಾಗವನ್ನು ಹಾಗೇ ಬಿಡುತ್ತಿದ್ದರು. ಬಹಳ ಜನರಿಗೆ ತಿರುಗಿ ಬೆಳೆಯುತ್ತಿತ್ತು, ಕೆಲವರಿಗೆ ಮೊದಲಿಗಿಂತ ದಪ್ಪಗೆ. 1985ರಲ್ಲಿ ಕಣ್ಣಿನ ಡಾಕ್ಟರ್ ಕೆನೆತ್ ಕೆನ್ಯನ್ ಮತ್ತು ಸಂಗಡಿಗರು ಬರಿದಾದ ಜಾಗಕ್ಕೆ ರೋಗಿಯದೇ ಕಣ್ಣಿನ ಪದರ ಕಸಿ ಮಾಡುವ ವಿಧಾನವನ್ನು ಪ್ರಕಟಿಸಿದರು. ಈಗಲೂ ಹೆಚ್ಚು ನೆಚ್ಚುವುದು ಇದನ್ನೇ. ಮರಗಟ್ಟುವ ಔಷಧಿ ಕೊಟ್ಟು, ಬೆಳೆದದ್ದನ್ನು ಬಿಡಿಸಿ, ಮೇಲಿನ ರೆಪ್ಪೆ ಮುಚ್ಚಿಕೊಂಡಿರುವ ಬಿಳಿಭಾಗದಿಂದ ಈರುಳ್ಳಿಯ ಒಳಪೊರೆಯಷ್ಟು ತೆಳುವಾದ ಒಂದು ಚೂರು ತೆಗೆದು, ಅದರ ಮೇಲ್ಭಾಗ ಮೇಲೇ ಇರುವ ಹಾಗೆ ಬರಿದಾದ ಜಾಗದ ಮೇಲೆ ಹರಡಿ, ಫೈಬ್ರಿನ್ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್) ಅಂಟಿನಿಂದಲೋ ಕೂದಲಿಗಿಂತ ಸಣ್ಣ ಎಳೆಯ ಹೊಲಿಗೆಯಿಂದಲೋ ಕೂರಿಸುತ್ತಾರೆ. ಮತ್ತೆ ಬೆಳೆಯುವ ಸಾಧ್ಯತೆ ತುಂಬಾ ಇಳಿಯುತ್ತದೆ. ಹಾಗಾಗಿ ಬೆಂಗಳೂರಿನ ಸರ್ಕಾರಿ ಕಣ್ಣಾಸ್ಪತ್ರೆ ಮಿಂಟೋಗೆ ಹೋದರೂ ಸರಿ, ಮನೆ ಹತ್ತಿರದ ಕ್ಲಿನಿಕ್ ಆದರೂ ಸರಿ, 'ಕಸಿ ಮಾಡ್ತೀರಾ ಡಾಕ್ಟ್ರೇ?' ಅಂತ ಕೇಳಿ.

ಆಮೇಲೆ ಕೆಲವು ದಿನ ಕಣ್ಣಲ್ಲಿ ಮರಳು ಬಿದ್ದ ಹಾಗೆ ಚುಚ್ಚುತ್ತದೆ, ನೀರು ಸುರಿಯುತ್ತದೆ. ಕಣ್ಣು ಉಜ್ಜಬಾರದು, ಕಸಿ ಜಾರಿಹೋದೀತು. ಸ್ಟೀರಾಯ್ಡ್ ಡ್ರಾಪ್ಸ್ ವಾರಗಟ್ಟಲೆ ಹಾಕಿ ಮೆಲ್ಲಗೆ ಕಡಿಮೆ ಮಾಡುತ್ತಾರೆ. ಅದೇ ಬಾಟಲಿಯನ್ನು ಮುಂದೆ ಕಣ್ಣು ಕೆಂಪಾದಾಗಲೆಲ್ಲ ಮೆಡಿಕಲ್ ಶಾಪಿನಿಂದ ತಂದು ಹಾಕಿಕೊಂಡರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಬರಬಹುದು, ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಇನ್ನೊಂದು ವಿಷಯ, ತೆಗೆದ ತುಣುಕಿನ ಬಗ್ಗೆ ಅನುಮಾನವಿದ್ದರೆ ಲ್ಯಾಬಿಗೆ ಕಳಿಸುತ್ತಾರೆ, ಅಪರೂಪಕ್ಕೆ ಕ್ಯಾನ್ಸರ್ ಕೂಡ ನೋಡಲು ಹೀಗೇ ಇರುತ್ತದೆ.